ಮಾವ ಕೊಂಡ ಬಾಸ್ಕೆಟ್‌ಬಾಲ್ ತಂಡ

ಸ್ವಂತದ್ದೊಂದು ಬಾಸ್ಕೆಟ್‌ಬಾಲ್ ತಂಡ ಇಟ್ಟುಕೊಂಡು, ಅರ್ಧ ಆಟ ಮುಗಿದ ಮೇಲೆ "ನಮ್ಮವರು ಯಾವ ಬುಟ್ಟಿಗಿ ಹಾಕಬೇಕೋ?" ಎಂದು ಪಕ್ಕದವರನ್ನು ಕೇಳಿದ ಮನುಷ್ಯ ಭೂಮಂಡಲದಲ್ಲಿ ನಮ್ಮ ಸೋದರಮಾವ ಒಬ್ಬರೇ ಇರಬೇಕು! ಪಕ್ಕದಲ್ಲಿ ಕೂತಿದ್ದವನು ನಾನು. ಅರ್ಧ ಆಟಕ್ಕೆ ಎರಡೂ ಕಡೆಯವರು ಬುಟ್ಟಿ ಅದಲುಬದಲು ಮಾಡಿಕೊಳ್ಳುತ್ತಾರೆ ಎಂದೆ. "ಇದು ಯಾವ ಸೀಮಿ ವ್ಯವಹಾರ?" ಎಂದು ಅವರು ಬೇಜಾರುಪಟ್ಟರು.

ಮಾವ ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವರು. ಈ ತಂಡ ಅವರ ಕೈಗೆ ಬಂದದ್ದೇ ಒಂದು ದುರಂತ. ಸಂಬಳಕ್ಕೆ ಆಡುವ ಈ ಹುಡುಗರನ್ನು ಮೊದಲು ಸಾಕಿದವರು ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ. ಅವರು ಸೋತು ಸೋತು ಸಾಕಾಗಿ ಜಮಖಂಡಿಯ ಗುತ್ತಿಗೆದಾರರಿಗೆ ಮಾರಿದರು. ಗುತ್ತಿಗೆದಾರರು ತಂಡದ ಹೆಸರು ಬದಲಿಸಿದರು, ಸೋತರು, ಮುಧೋಳದವರೊಬ್ಬರಿಗೆ ದಾಟಿಸಿದರು. ಮುಧೋಳದವರು ಅಂಗಿಯ ಬಣ್ಣ ಬದಲಿಸಿದರು. ಸೋಲನ್ನು ಬದಲಿಸುವುದು ಮಾತ್ರ ಯಾರಿಗೂ ಆಗಲಿಲ್ಲ! ಕೊನೆಗೆ ಅವರು ತಂಡವನ್ನೇ ಮುಚ್ಚುತ್ತೇನೆಂದಾಗ ನಮ್ಮ ಮಾವ ನಡುವೆ ಬಾಯಿ ಹಾಕಿದರು, ಮನೆಗೆ ಬರುವಾಗ ಮಾಲೀಕರಾಗಿ ಬಂದರು.

"ನೇಯ್ದ ಸೀರಿ ಮಾರಾಕ ಆಗವಲ್ದು, ಟೀಮು ತಗೊಂಡು ಬಂದ್ರಿ?" ಎಂದರು ಅತ್ತೆ.

"ಸೀರಿ ಕಪಾಟಿನ್ಯಾಗ ಕುಂತರ ಹುಳಾ ಬೀಳತಾವು. ಇವರು ಓಡ್ಯಾಡಿಕೊಂಡಾದ್ರೂ ಇರ್ತಾರ."

ಅತ್ತೆ ಕಪಾಟಿನ ಬಾಗಿಲನ್ನು ದಡಾರನೆ ಮುಚ್ಚಿದರು.

ಮಾವನ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಮಗ್ಗ ಕೊಂಡರೆ ಅದರ ಮೇಲೆ ಕೂರುವ ನೇಕಾರನೂ ಜೊತೆಗೇ ಬರುತ್ತಾನೆ. ಅವನನ್ನು ಬಿಡಿಸುವಂತಿಲ್ಲ, ಮೊದಲ ದಿನ ಹೋಳಿಗೆ ಊಟ ಹಾಕಿ ಹೊಸ ಬಟ್ಟೆ ಕೊಡಬೇಕು. ಇದನ್ನು ಬಾಸ್ಕೆಟ್‌ಬಾಲಿಗೂ ಅನ್ವಯಿಸಿದರು ನೋಡಿ! ಕೋಚ್ ಬಂದು, ತಂಡದಲ್ಲಿ ಎಲ್ಲರಿಗಿಂತ ಎತ್ತರದವನಾದ ಅನಗವಾಡಿಯ ಹಳೆಯ ಆಟಗಾರನ ಮೊಣಕಾಲು ಹೋಗಿದೆ, ವಯಸ್ಸೂ ಆಗಿದೆ, ತೆಗೆಯೋಣ ಎಂದರು. "ಮಗ್ಗಾ ಕೊಂಡವ ನೇಕಾರನ್ನ ಹೊರಗ ಹಾಕತಾನೇನ್ರಿ?" ಎಂದು ಮಾವ ಅವರ ಬಾಯಿ ಮುಚ್ಚಿಸಿದರು. ಹೋಳಿಗೆ ಊಟವೂ ಆಯಿತು, ಆಟಕ್ಕೆ ಒಂದು ತಾಸು ಮೊದಲು. ಆಟಕ್ಕೆ ತೊಡಲು ಹೊಸ ಬಟ್ಟೆಯೂ ಬಂತು, ಮಾವನದೇ ಮಗ್ಗದ್ದು, ಸುತ್ತಲೂ ಸೀರೆಯ ಅಂಚಿನ ದಡಿ ಇದ್ದದ್ದು. ಹೊಟ್ಟೆ ಭಾರದ ಹುಡುಗರು ಅಂಗಳದಲ್ಲಿ ತೇಗುತ್ತಾ ಓಡಿದರು. ಎತ್ತರದವನು ಚೆಂಡು ಎಸೆಯಲು ಕೈ ಎತ್ತಿದ, ಹಿಗ್ಗದ ಸೀರೆ ಬಟ್ಟೆ ಕಂಕುಳಿನಿಂದ ಸೊಂಟದವರೆಗೆ ಪರ್ರೆಂದು ಹರಿಯಿತು. ನಮ್ಮ ತಂಡಕ್ಕೆ ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ನಗು ಅಲ್ಲಿಗೇ ಮುಗಿಯಿತು. ಸೀರೆಗೆ ಗಿರಾಕಿ ಇಲ್ಲದೆ ಮಗ್ಗಗಳು ಒಂದೊಂದಾಗಿ ನಿಂತವು. ಮಗ್ಗ ಉಳಿಸುತ್ತೀರೋ ತಂಡ ಉಳಿಸುತ್ತೀರೋ ಎಂದು ಅತ್ತೆ ಕೇಳಿದರು. ಹುಬ್ಬಳ್ಳಿಯಿಂದ ಒಬ್ಬರು ತಂಡ ಕೊಳ್ಳಲು ಬಂದರು, ಎಲ್ಲರನ್ನೂ ಇಟ್ಟುಕೊಳ್ಳುತ್ತೇವೆ, ಆ ಎತ್ತರದವನೊಬ್ಬ ಬೇಡ ಎಂದರು. ಮಾವ ಜಗಳವಾಡಿದರು, ಕೈ ಮುಗಿದರು, ಊಟ ಬಿಟ್ಟರು. ಹುಬ್ಬಳ್ಳಿಯವರು ಒಪ್ಪಲಿಲ್ಲ. ಮಾರದಿದ್ದರೆ ಉಳಿದ ಹುಡುಗರ ಸಂಬಳವೂ ನಿಲ್ಲುವುದಿತ್ತು.

ಮಾವ ಆ ಎತ್ತರದವನನ್ನು ಮನೆಗೆ ಕರೆಸಿದರು; ಅತ್ತೆಯೂ ನಾನೂ ಅಲ್ಲೇ ಇದ್ದೆವು. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಮಾವ ಚಹಾ ಕುಡಿಸಿದರು, ಅವನೂರಿನ ಹೊಳೆಯ ನೀರಿನ ಬಗ್ಗೆ ಕೇಳಿದರು. ಕೊನೆಗೆ, "ಟೀಮು ಮಾರಾಕತ್ತೇನಪಾ. ನಿನ್ನ ಒಬ್ಬನ್ನ ಒಲ್ಲೆ ಅಂದ್ರು. ನನ್ನ ಕೈಲಿ ಆಗಲಿಲ್ಲ" ಎಂದರು.

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ.

"ಇದಕ್ಕಿಂತ ಮೊದಲ ಮೂರು ಸಲ ಮಾರ್ಯಾರ್ರಿ ನಮ್ಮನ್ನ. ಮೂರೂ ಸಲ ಮಂದಿ ಬಾಯಿಂದ ಗೊತ್ತಾತು. ಮನಿಗಿ ಕರದು ಹೇಳಿದವರು ನೀವೊಬ್ಬರ ನೋಡ್ರಿ, ಸಾವ್ಕಾರ್ರ."

ಮಾವ ಕುರ್ಚಿಯಿಂದ ಇಳಿದು ಅವನೆದುರು ನೆಲದ ಮೇಲೆ ಕುಳಿತರು. ಆ ಕೆಟ್ಟ ಮೊಣಕಾಲಿನ ಮೇಲೆ ಕೈಯಿಟ್ಟು ನಮ್ಮೆಲ್ಲರ ಎದುರಿಗೇ ಅತ್ತುಬಿಟ್ಟರು.