ಕರೆಂಟು ಬಂದರೆ ತಾನೇ ಶುರು

ಹಲ್ಲಿನ ಡಾಕ್ಟರ ಬಾಗಿಲ ಮೇಲೆ ನಂಬರು ತೋರಿಸುವ ಬೋರ್ಡು ಕೂರಿಸಿದವನು ರೇಡಿಯೋ ರಿಪೇರಿಯವನೇ. "ಯಾರೂ ಏನೂ ಮಾಡೋದು ಬೇಡ ಸಾರ್. ಕರೆಂಟು ಬಂದ್ರೆ ಒಳಗಿನ ಚಿಪ್ ತಾನೇ ಎದ್ದು ಕೆಲಸ ಶುರು ಮಾಡುತ್ತೆ" ಎಂದು ಎದೆಯುಬ್ಬಿಸಿದ್ದ. ತಿಂಗಳೊಳಗೆ ಅವನ ದವಡೆಹಲ್ಲೂ ಕೆಲಸ ಶುರು ಮಾಡಿತು. ಬನ್ನಿನಂತೆ ಊದಿದ ಕೆನ್ನೆ ಹಿಡಿದು, ಹದಿನಾಲ್ಕನೇ ಚೀಟಿ ತೆಗೆದುಕೊಂಡು ಅದೇ ಬೋರ್ಡಿನ ಕೆಳಗೆ ಕೂತ.

ಬೋರ್ಡು ಹದಿಮೂರಕ್ಕೆ ಬಂದಿತ್ತು. ಇನ್ನೊಂದೇ! ಅಷ್ಟರಲ್ಲಿ ಕರೆಂಟು ಹೋಯಿತು, ಬಂತು. ಚಿಪ್ ತಾನೇ ಎದ್ದಿತು. ಎದ್ದು, ಒಂದು ಎಂದಿತು.

ಬಾಯಲ್ಲಿ ಹತ್ತಿ ಕಚ್ಚಿ ಅಳಿಯನಿಗಾಗಿ ಕಾಯುತ್ತಿದ್ದ ಒಂದನೇ ನಂಬರಿನ ಅಜ್ಜಿ ಬೆಚ್ಚಿದರು. "ಇದ್ದದ್ದೇ ಎರಡು ಕಣಪ್ಪ, ಒಂದು ಆಗ್ಲೇ ಕಿತ್ತಾಯ್ತು. ಮತ್ತೆ ನನ್ನೇ ಕರೀತಾರಲ್ಲ!"

ಕಾಂಪೌಂಡರು ಗುಂಡಿ ಒತ್ತಿ ಒತ್ತಿ ಬೋರ್ಡನ್ನು ಮೇಲಕ್ಕೆ ತಂದ. ಕರೆಂಟು ಮತ್ತೆ ಹೋಗಿ ಬಂತು. ಮತ್ತೆ ಒಂದು. ಮೂರನೇ ಸಲಕ್ಕೆ ಅವನಿಗೇ ಲೆಕ್ಕ ತಪ್ಪಿತು.

"ಹದಿನೆಂಟಿತ್ತು" ಎಂದರು ಹದಿನೆಂಟನೆಯವರು.

"ಹದಿಮೂರು!" ಎಂದ ರಿಪೇರಿಯವನು.

"ನಿಂದು ಹದಿನಾಲ್ಕು ತಾನೆ, ಅದಕ್ಕೇ ಹಾಗಂತೀಯ" ಎಂದಳು ಹದಿನೈದನೇ ನಂಬರಿನ ಟೈಲರಮ್ಮ. "ಮೊದ್ಲು ನಿನ್ನ ಬೋರ್ಡಿನ ಮರೆವಿಗೆ ಮದ್ದು ಮಾಡು."

"ಎದ್ದ ಕೂಡಲೇ ಹಳೇ ನಂಬರು ನೆನಪು ಮಾಡ್ಕೋ ಅಂತ ಚಿಪ್ಪಿಗೆ ಎರಡು ಸಾಲು ಬರೆದ್ರಾಯ್ತು. ನೀರು ಕುಡಿದಷ್ಟು ಸುಲಭ" ಎಂದ. ಆ ಹೊತ್ತಿಗೆ ನೀರು ಕುಡಿಯುವುದೂ ಅವನಿಗೆ ಸುಲಭವಿರಲಿಲ್ಲ.

ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬರೆದ. ಕುರ್ಚಿ ಹತ್ತಿ ಬೋರ್ಡಿಗೆ ತುಂಬಿಸಿದ. ಡಾಕ್ಟರನ್ನೇ ಕೇಳಿ ಹದಿಮೂರಕ್ಕೆ ತಂದು ನಿಲ್ಲಿಸಿ, ಸ್ವಿಚ್ಚು ಆರಿಸಿ ಹಾಕಿದ. ಹದಿಮೂರು! ಜನ ಓಹೋ ಎಂದರು.

"ಇನ್ನೊಂದ್ಸಲ ತೋರ್ಸಪ್ಪ" ಎಂದಳು ಟೈಲರಮ್ಮ.

ಗುಂಡಿ ಒತ್ತಿದ, ಹದಿನಾಲ್ಕು. ಆರಿಸಿ ಹಾಕಿದ, ಹದಿನಾಲ್ಕೇ!

"ಅಬ್ಬಬ್ಬಾ! ಇನ್ನೊಂದೇ ಒಂದ್ಸಲ!"

ಹದಿನೈದು. ಆರಿಸಿ ಹಾಕಿದರೂ ಹದಿನೈದು. "ಇನ್ನು ಜಪ್ಪಯ್ಯ ಅಂದ್ರೂ ಇದು ಹಿಂದಕ್ಕೆ ಹೋಗಲ್ಲ!" ಎಂದು ಕುರ್ಚಿಯ ಮೇಲಿಂದಲೇ ಸಾರಿದ.

ಒಳಗಿದ್ದ ಹದಿಮೂರನೆಯವರು ಹೊರಗೆ ಬಂದರು. ಟೈಲರಮ್ಮ ಎದ್ದು ಒಳಗೆ ನಡೆದಳು.

"ಅಕ್ಕಾ, ಈಗ ನಂದು!"

"ಬೋರ್ಡು ನೋಡಪ್ಪ. ಹಿಂದಕ್ಕೆ ಹೋಗಲ್ಲ ಅಂತ ನೀನೇ ಅಂದ್ಯಲ್ಲ."

ಹಿಂದಕ್ಕೆ ಒಯ್ಯುವ ಗುಂಡಿಯನ್ನು ಅವನು ಇಟ್ಟೇ ಇರಲಿಲ್ಲ. ಲ್ಯಾಪ್‌ಟಾಪಿಗೆ ಕೈ ಹಾಕುವುದರೊಳಗೆ, "ಸರಿಯಾಗಿರೋದನ್ನ ಯಾಕಯ್ಯ ಕೆಡಿಸ್ತೀಯ?" ಎಂದು ಜನ ಮೈಮೇಲೆ ಬಿದ್ದರು. ಹದಿನಾಲ್ಕು ದಾಟಿಹೋಯಿತೆಂದು ಕಾಂಪೌಂಡರು ಅವನಿಗೆ ಹೊಸ ಚೀಟಿ ಹರಿದು ಕೊಟ್ಟ. ನಲವತ್ತೊಂದು.

ಆಗಲೇ ಕರೆಂಟು ಹೋಯಿತು, ಬಂತು. ಬೋರ್ಡು ಅಲುಗದೆ ಹದಿನೈದನ್ನೇ ತೋರಿಸಿತು. ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.