ರಾಕ್ಷಸನದು ಯಾವೂರು?

ನಮ್ಮ ಭಾನುವಾರದ ಆಟ ನಾನು ಬರೆದಿಟ್ಟುಕೊಂಡ ಹಾಗೆ ಒಂದು ಸಲವೂ ನಡೆದದ್ದಿಲ್ಲ. ನಡೆಯಬಾರದ್ದು ಮಾತ್ರ ವಾರ ತಪ್ಪದೆ ನಡೆಯುತ್ತದೆ.

ನಾನು ಮಾಗಡಿಯಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಆಟ ಇಷ್ಟೇ: ಮೇಜಿನ ಸುತ್ತ ಕೂತು ಎಲ್ಲರೂ ಸೇರಿ ಒಂದು ಕಥೆ ಕಟ್ಟುವುದು. ಕಾಡು, ಕೋಟೆ, ರಾಕ್ಷಸ, ದಾರಿಯಲ್ಲಿ ಸಿಗುವ ಜನ, ಎಲ್ಲ ನನ್ನ ಬಾಯಲ್ಲಿ. ಮಿಕ್ಕ ಮೂವರು ಕಥೆಯೊಳಗಿನ ವೀರರು. ಏನು ಮಾಡುತ್ತೇವೆ ಅಂತ ಅವರು ಹೇಳುತ್ತಾರೆ, ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ: ಹೆಚ್ಚು ಬಿದ್ದರೆ ಆಯಿತು, ಕಮ್ಮಿ ಬಿದ್ದರೆ ಇಲ್ಲ. ಕಥೆ ನಡೆಸುವವನಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಹೆಂಗಿದ್ರೂ ಮೇಷ್ಟ್ರು, ಇದೂ ನಿಮ್ಮ ತಲೆಗೇ ಇರಲಿ ಅಂತ ನನಗೆ ಕಟ್ಟಿದರು. ವೀರರು ಯಾರೆಂದರೆ, ಒಬ್ಬ ಬಸ್ ಕಂಡಕ್ಟರ್, ಒಬ್ಬ ದನದ ದಲ್ಲಾಳಿ, ಇನ್ನೊಬ್ಬರು ಹಾಲಿನ ಡೈರಿಯ ಸೆಕ್ರೆಟರಿ ಅಕ್ಕ. ಜಾಗ, ಮಹಡಿಯ ಮೇಲಿನ ನನ್ನ ಬಾಡಿಗೆ ರೂಮು.

ಇಪ್ಪತ್ತು ಮುಖ

ಈ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕು. ನನ್ನ ಹತ್ತಿರ ಇದ್ದ ಒಂದೇ ದಾಳ ಕಳೆದುಹೋಯಿತು. ಚನ್ನಪಟ್ಟಣ ಇರುವಾಗ ಯೋಚನೆ ಯಾಕೆ ಅಂತ ಅಲ್ಲಿ ಪರಿಚಯದ ಬೊಂಬೆ ಮಾಡುವವರನ್ನು ಕೇಳಿದೆ.

"ಇಪ್ಪತ್ತು ಮುಖವಾ? ರಾವಣಂಗೇ ಇರೋದು ಹತ್ತು ಸಾರ್!" ಅಂದರು.

ಅವರ ಮಿಷನ್ನು ಮರವನ್ನು ಗರಗರ ತಿರುಗಿಸಿ ಕಡೆಯುವಂಥದ್ದು. ಅದರಲ್ಲಿ ಬರುವುದೆಲ್ಲ ದುಂಡಗೇ ಬರುತ್ತದೆ. ಒಂದು ವಾರ ಬಿಟ್ಟು ಕೆಂಪು ಅರಗು ಮೆತ್ತಿದ ಚೆಂದದ ಚೆಂಡೊಂದನ್ನು ಕೊಟ್ಟರು. ಅದರ ಮೈತುಂಬ ಹಳದಿ ಬಣ್ಣದಲ್ಲಿ ಒಂದರಿಂದ ಇಪ್ಪತ್ತು. ನೋಡಲು ಬಲು ಸೊಗಸು, ಆದರೆ ಉರುಳಿದರೆ ನಿಲ್ಲುವುದೇ ಇಲ್ಲ. ಕಂಡಕ್ಟರ್ ಮೊದಲ ಸಲ ಎಸೆದಾಗ ಮೇಜು ಇಳಿಯಿತು, ಹೊಸಿಲು ದಾಟಿತು, ಹದಿನಾಲ್ಕು ಮೆಟ್ಟಿಲೂ ಇಳಿದು, ಕೆಳಗೆ ಅವರೆಕಾಯಿ ಸುಲಿಯುತ್ತಿದ್ದ ಓನರಮ್ಮನ ಕಾಲಬುಡದಲ್ಲಿ ನಿಂತಿತು.

"ಏನ್ ಮೇಷ್ಟ್ರೇ ಇದು?"

ಸುಳ್ಳು ಹೊಳೆಯಲಿಲ್ಲ. "ದಾಳ ಅಮ್ಮ" ಅಂದೆ.

"ದಾಳನಾ! ಧರ್ಮರಾಯ ಮನೆಮಠ ಕಳ್ಕಂಡಿದ್ದು ಸಾಲ್ದಾ? ಒಂದ್ ತಿಂಗ್ಳು ನೋಡ್ತೀನಿ. ನಂಗೆ ಸರಿ ಕಾಣ್ನಿಲ್ಲ ಅಂದ್ರೆ ರೂಮ್ ಖಾಲಿ ಮಾಡ್ಬುಡಿ."

ಮದುವೆಯಾಗದವನಿಗೆ ಈ ಊರಲ್ಲಿ ರೂಮು ಸಿಗುವ ಮುಂಚೆ ಹೆಣ್ಣೇ ಸಿಕ್ಕೀತು. ಎಷ್ಟೋ ಬೀದಿ ಅಲೆದ ಮೇಲೆ ಸಿಕ್ಕಿದ ರೂಮು ಇದು. ಹೆದರಿಕೊಂಡು, ಚೆಂಡನ್ನು ಇನ್ನು ಮೇಲೆ ಊಟದ ತಟ್ಟೆಯೊಳಗೇ ಉರುಳಿಸುವುದು ಅಂತ ತೀರ್ಮಾನ ಮಾಡಿದೆವು. ಮುಂದಿನ ಭಾನುವಾರದಿಂದ ಓನರಮ್ಮ ಅವರೆಕಾಯಿ ಮೊರ ಎತ್ತಿಕೊಂಡು ಬಂದು ನಡುಮೆಟ್ಟಿಲ ಮೇಲೇ ಕೂರತೊಡಗಿದರು. ಧರ್ಮರಾಯನಿಗೆ ಹೋಗಲು ಕಾಡಾದರೂ ಇತ್ತು, ನನಗೆ ಬಸ್ ಸ್ಟ್ಯಾಂಡೇ ಗತಿ.

ಎಡಗಡೆಯ ಹೂವು

ಓನರಮ್ಮ ಗಡುವು ಕೊಟ್ಟ ಮೂರನೆಯ ಭಾನುವಾರ ವೀರರು ರಾಕ್ಷಸನ ಗುಹೆಗೆ ಹೋಗಿ ರಾಜಕುಮಾರಿಯನ್ನು ಬಿಡಿಸಬೇಕಿತ್ತು. ಗುಹೆಯ ನಕ್ಷೆ ಬರೆಯಲು ನಾನು ಎರಡು ವಾರ ಕೂತಿದ್ದೆ. ದಾರಿಯಲ್ಲಿ ಒಂದು ಬಾವಿ, ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಒಂದು ಗುಡಿ, ಎಲ್ಲ ಅಂದಕ್ಕೆ ಅಂತ ಇಟ್ಟಿದ್ದೆ. ಮೂವರೂ ಮುದುಕಿಯಿಂದ ತಾಮ್ರದ ಬಿಂದಿಗೆ ಇಸಕೊಂಡು, "ಈಗ್ ಬತ್ತೀವಿ ಕಣಜ್ಜಿ" ಅಂತ ನೀರು ಹೊತ್ತು ಗುಡಿಗೆ ನಡೆದರು.

"ಗುಹೆಗೆ ನುಗ್ಗಕ್ ಮುಂಚೆ ದೇವ್ರ ಕೇಳ್ಬೇಕು" ಅಂದ ದಲ್ಲಾಳಿ. ನಮ್ಮ ಕಡೆ ದೇವರ ಬಲಗಡೆಯಿಂದ ಹೂವು ಬಿದ್ದರೆ ಕೆಲಸ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಸರಿ, ದಾಳ ಹಾಕಪ್ಪ ಅಂದೆ. ಎರಡು ಬಿತ್ತು.

"ಹೂವು ಎಡಗಡೆ ಬಿತ್ತು" ಅಂದುಬಿಟ್ಟೆ.

ಮೂವರೂ ಎದ್ದರು. ಚಪ್ಪಲಿ ಮೆಟ್ಟಿದರು. "ಎಲ್ಲಿಗೆ?" ಅಂದೆ.

"ದೇವ್ರು ಬ್ಯಾಡ ಅಂದೈತೆ ಸಾರ್. ಮನೆಗೆ" ಅಂದ ಕಂಡಕ್ಟರ್.

ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಪೂಜಾರಿಯ ದನಿಯಲ್ಲಿ ಕೂಗಿದೆ: "ದೇವರು ನಿಮ್ಮ ಕಡೆ ಮುಖ ಮಾಡಿ ಕೂತೈತೆ! ನಿಮ್ಮ ಎಡ ಅಂದ್ರೆ ದೇವರಿಗೆ ಬಲ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಚಪ್ಪಲಿ ಬಿಟ್ಟರು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಓನರಮ್ಮ ಕೆಮ್ಮಿದರು. ಆ ಕೆಮ್ಮು ನನಗೆ ಬಲವೋ ಎಡವೋ ಗೊತ್ತಾಗಲಿಲ್ಲ.

ನೆಂಟಸ್ತಿಕೆ

ಅಂತೂ ಅದರ ಮುಂದಿನ ವಾರ ಗುಹೆಯ ಬಾಗಿಲು ಬಂತು. ಓನರಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ, ಆದರೂ ಭಯಂಕರವಾಗಿ, "ಯಾರದು!" ಅಂತ ಗುಡುಗಿದೆ. ಡೈರಿ ಅಕ್ಕ ಕತ್ತಿ ತೆಗೆಯುತ್ತಾರೆ ಅಂತ ಕಾದರೆ, ಅವರು ಸೆರಗು ಸರಿಮಾಡಿಕೊಂಡರು.

"ನಾವೇ ಕಣಪ್ಪ. ನಿಂದ್ಯಾವೂರು?"

ರಾಕ್ಷಸನಿಗೆ ಹಲ್ಲು, ಉಗುರು, ಗದೆ ಎಲ್ಲ ಬರೆದಿಟ್ಟಿದ್ದೆ, ಊರು ಬರೆದಿರಲಿಲ್ಲ. ಆಟ ನಡೆಸುವವನು ತಡವರಿಸಬಾರದು. ಬಾಯಿಗೆ ಬಂದದ್ದು ಹೇಳಿದೆ. "ಕೈಲಾಂಚ."

"ತಾಯಿ ತವರು?"

"ಗುಡೇಮಾರನಹಳ್ಳಿ."

"ಅಯ್ಯೋ, ನಮ್ಮೂರು! ನಿಮ್ಮವ್ವ ನಂಗೆ ಅತ್ತೆ ಆಗ್ಬೇಕು, ಅಂದ್ರೆ ನೀನು ಬಾವ!" ಅಂತ ಅಕ್ಕ ಮಿಕ್ಕಿಬ್ಬರ ಕಡೆ ತಿರುಗಿದರು. "ಕತ್ತಿ ಒಳಗಿಡ್ರಪ್ಪ. ಬಾವನ್ ಮನೆ ಬಾಗ್ಲಲ್ಲಿ ಇದೇನು?"

ಕಂಡಕ್ಟರ್ ಕತ್ತಿ ಒಳಗಿಟ್ಟ. ಮೂವರೂ ನನ್ನನ್ನೇ ನೋಡುತ್ತ ಕೂತರು. ಮನೆಗೆ ನೆಂಟರು ಬಂದಾಗ ಯಜಮಾನ ಆಡಬೇಕಾದ ಮಾತು ಒಂದೇ. ಎರಡು ವಾರ ನಕ್ಷೆ ಬರೆದ ನಾನು, ರಾಕ್ಷಸನ ದನಿಯಲ್ಲಿ, "ಮುದ್ದೆ ಇಕ್ಲಾ?" ಅಂತ ಕೇಳಿದೆ.

ಟವೆಲ್ಲಿನ ಕೆಳಗೆ

ನೆಂಟನನ್ನು ಹೊಡೆಯುವ ಹಾಗಿಲ್ಲ, ರಾಜಕುಮಾರಿಯನ್ನು ಬಿಡುವ ಹಾಗೂ ಇಲ್ಲ. "ವ್ಯಾಪಾರ ಮಾಡ್ಕಳವ" ಅಂದ ದಲ್ಲಾಳಿ. ರಾಜಕುಮಾರಿಯನ್ನು ಬಿಟ್ಟರೆ ರಾಕ್ಷಸನಿಗೆ ಎಮ್ಮೆಗಳು. ಎಷ್ಟು ಎಮ್ಮೆ ಅಂತ ಬಾಯಲ್ಲಿ ಹೇಳುವುದಕ್ಕೆ ಅವನು ಒಪ್ಪಲಿಲ್ಲ. ಸಂತೆಯಲ್ಲಿ ದನದ ವ್ಯಾಪಾರ ಮಾಡುವ ಹಾಗೆ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಹಿಡಿದು ಅದುಮತೊಡಗಿದ. ನಾನು ತಲೆ ಅಲ್ಲಾಡಿಸಿದೆ. ಅವನು ಇನ್ನೊಂದು ಬೆರಳು ಹಿಡಿದ, ಅಂದರೆ ಇನ್ನೊಂದು ಎಮ್ಮೆ.

"ಬಾಯಾದ್ರೂ ಬುಡ್ಲಾ!" ಅಂದ ಕಂಡಕ್ಟರ್.

"ಸುಮ್ನಿರ್ಲಾ, ವ್ಯಾಪಾರ ಕೆಡ್ತದೆ."

ಹತ್ತು ನಿಮಿಷ ರೂಮಿನಲ್ಲಿ ಉಸಿರೂ ಕೇಳಿಸಲಿಲ್ಲ. ಪ್ರತಿವಾರ ಗಲಾಟೆ ಕೇಳುತ್ತಿದ್ದ ಓನರಮ್ಮನಿಗೆ ಈ ಮೌನ ಸರಿಬರಲಿಲ್ಲ. ಮೊರ ಕೆಳಗಿಟ್ಟ ಸದ್ದಾಯಿತು. ಮೆಟ್ಟಿಲು ಹತ್ತಿದ ಸದ್ದಾಯಿತು. ಬಾಗಿಲಲ್ಲಿ ನಿಂತು ಅವರು ಕಂಡದ್ದು: ತಟ್ಟೆಯಲ್ಲಿ ದಾಳ, ಟವೆಲ್ಲಿನ ಕೆಳಗೆ ಮೇಷ್ಟ್ರ ಕೈ ದಲ್ಲಾಳಿಯ ಕೈಯಲ್ಲಿ, ಸುತ್ತ ಬಾಯಿ ಬಿಟ್ಟುಕೊಂಡು ಕೂತ ಇಬ್ಬರು. ಇದು ಜೂಜಲ್ಲ ಅಂತ ಯಾವ ದೇವರು ಬಂದು ಹೇಳಿದರೂ ನಂಬುವ ಹಾಗಿರಲಿಲ್ಲ. ಅವರು ಕೊಟ್ಟ ತಿಂಗಳು ಅವತ್ತಿಗೆ ಸರಿಯಾಗಿ ಮುಗಿದಿತ್ತು. ನಾನು ಮನಸ್ಸಿನಲ್ಲೇ ಹಾಸಿಗೆ ಸುತ್ತಿಕೊಂಡೆ.

"ನಾಚ್ಕೆ ಆಗಾಕಿಲ್ವಾ ನಿಮ್ಗೆ?" ಅಂದರು ಓನರಮ್ಮ.

"ಅಮ್ಮ, ಇದು ಎಮ್ಮೆ ಲೆಕ್ಕ ಅಷ್ಟೇ..." ಅಂದೆ.

"ಎಮ್ಮೆ ಮನೆ ಹಾಳಾಗ! ಆ ಮುದ್ಕಿ ಬಿಂದ್ಗೆ ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ.

"ಬಾವಿತಾವ ಇಸ್ಕಂಡ್ ಬಂದ್ರಲ್ಲ, ಈಗ್ ಬತ್ತೀವಿ ಅಂತ! ಪಾಪ, ಅವತ್ತಿಂದ ಬಾವಿಕಟ್ಟೆ ಮ್ಯಾಲೆ ಕುಂತವ್ಳೆ. ನೀವ್ ನೋಡಿದ್ರೆ ರಾಕ್ಷಸನ್ ಮನೇಲಿ ಮುದ್ದೆ ಉಣ್ತಾ ಇದೀರ!"

ಆ ಮುದುಕಿಯನ್ನು ಹುಟ್ಟಿಸಿದ ನನಗೇ ಅವಳು ಮರೆತುಹೋಗಿದ್ದಳು. ಧೈರ್ಯ ಮಾಡಿ ಕೇಳಿದೆ. "ಹಂಗಾದ್ರೆ ಅಮ್ಮ, ರೂಮು ಖಾಲಿ ಮಾಡೋದು...?"

"ಆ ಬಿಂದ್ಗೆ ವಾಪಸ್ ಕೊಡೋಗಂಟ ಒಬ್ರೂ ಇಲ್ಲಿಂದ ಕದಲಂಗಿಲ್ಲ" ಅಂತ ಹೇಳಿ ಓನರಮ್ಮ ಕುರ್ಚಿ ಎಳೆದುಕೊಂಡು ಕೂತರು.

ಬಿಂದಿಗೆ ವಾಪಸ್ ಹೋಗುವವರೆಗೆ ರೂಮು ನನ್ನದೇ ಅಂದಹಾಗಾಯಿತು. ಅವತ್ತಿನಿಂದ ಓನರಮ್ಮನೇ ನಮ್ಮ ನಾಲ್ಕನೆಯ ವೀರರು. ಬಿಂದಿಗೆ ಮಾತ್ರ ಇನ್ನೂ ಮುದುಕಿಯ ಕೈ ಸೇರಿಲ್ಲ. ಒಂದು ವಾರ ಅದನ್ನು ಕೋತಿ ಎತ್ತಿಕೊಂಡು ಹೋಯಿತು, ಇನ್ನೊಂದು ವಾರ ಹೊಳೆಯಲ್ಲಿ ತೇಲಿಹೋಯಿತು, ಹೋದ ಭಾನುವಾರ ಬಾವಿ ಇನ್ನು ಹತ್ತು ಹೆಜ್ಜೆ ಇದೆ ಅನ್ನುವಾಗ ಹದ್ದು ಕಚ್ಚಿಕೊಂಡು ಹಾರಿತು. ಹದ್ದು ತಾಮ್ರದ ಬಿಂದಿಗೆ ಎತ್ತುತ್ತದಾ ಅಂತ ಕಂಡಕ್ಟರ್ ಕೇಳಿದ. ನನ್ನ ರೂಮು ಉಳಿಯಬೇಕಾದರೆ ಎತ್ತಲೇಬೇಕು ಅಂತ ಅವನ ಕಿವಿಯಲ್ಲಿ ಅಂದೆ.