ಪರದೆ ಕಾಯುವವನ ಇಂಟರ್ವ್ಯೂ

ಕೆಲವು ಕೆಲಸಗಳ ಹಣೆಬರಹವೇ ಹಾಗೆ, ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಡುಗೆಯವನು ಚೆನ್ನಾಗಿ ಮಾಡಿದರೆ ಜನ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ನಾನು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅಮೆರಿಕದ ಸ್ಯಾನ್ ಹೊಸೆಯ ಒಂದು ಪುಟ್ಟ ಟಿವಿ ಸ್ಟೇಷನ್ನಿನಲ್ಲಿ ನಾನು ಬ್ರಾಡ್‌ಕಾಸ್ಟ್ ಇಂಜಿನಿಯರ್. ಸುದ್ದಿ ಓದುವವರ ಮುಖ, ಹವಾಮಾನದ ನಕ್ಷೆ, ಹಾಸಿಗೆ ಅಂಗಡಿಯ ಜಾಹೀರಾತು ಎಲ್ಲ ಒಂದರ ಹಿಂದೊಂದು ಜನರ ಮನೆ ಸೇರುತ್ತಿವೆಯೇ, ಪರದೆ ಎಲ್ಲೂ ಕಪ್ಪಾಗಿಲ್ಲ ತಾನೇ ಎಂದು ನೋಡುತ್ತ ಕೂರುವವನು. ವರ್ಷಗಟ್ಟಲೆ ಹೀಗೆ ಕೂತು ಸ್ವಭಾವವೇ ಕೆಟ್ಟುಹೋಗಿದೆ. ಊಟದ ಹೊತ್ತಿನಲ್ಲಿ ಹೆಂಡತಿ, ಮಗಳು ಇಬ್ಬರೂ ಸುಮ್ಮನಾದರೆ ಎಲ್ಲೋ ಸಿಗ್ನಲ್ ಹೋಯಿತು ಅನ್ನಿಸಿ ಚಡಪಡಿಕೆ ಶುರುವಾಗುತ್ತದೆ. ತಡೆಯಲಾರದೆ, "ಉಪ್ಪಿನಕಾಯಿ ಬೇಕಾ?" ಎಂದು ಕೇಳಿಬಿಡುತ್ತೇನೆ.

ಇಲ್ಲಿನ ಕನ್ನಡದ ಮನೆಗಳಿಗೆ ಊಟಕ್ಕೆ ಹೋದಾಗ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, "ಯಾವ ಕಂಪನಿ?" ನಾನು ಟಿವಿ ಸ್ಟೇಷನ್ ಎಂದರೆ ಅವರ ಮುಖ ಅರಳುತ್ತದೆ. "ಓ, ಟಿವೀಲಿ ಬರ್ತೀರಾ?" "ಇಲ್ಲ, ನಾನು ಬರಲ್ಲ. ಬೇರೆಯವರು ಬರೋ ಹಾಗೆ ನೋಡ್ಕೋತೀನಿ." ಆಮೇಲೆ ಅವರು ಚಟ್ನಿ ಹುಡುಕಿಕೊಂಡು ಹೋದರೆ ವಾಪಸ್ಸು ಬರುವುದಿಲ್ಲ.

ಈ ವರ್ಷ ಬೇಸಿಗೆಗೆ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ಕಂಟ್ರೋಲ್ ರೂಮಿನಲ್ಲಿ ಡೋನಟ್ ಪೆಟ್ಟಿಗೆ ಕಂಡಿತು. ನನಗೆ ಆಗಲೇ ಅನುಮಾನ ಬಂತು. ನಮ್ಮಲ್ಲಿ ಒಳ್ಳೆಯ ಸುದ್ದಿಗೆ ಯಾರೂ ತಿಂಡಿ ತರಿಸುವುದಿಲ್ಲ. ಬಾಸ್ ಡೇವ್ ಎಲ್ಲರೂ ಒಂದೊಂದು ಬಾಯಿಗಿಡುವವರೆಗೆ ಕಾದು, ಬೇಸಿಗೆ ಕಳೆದ ಮೇಲೆ ಈ ಕೋಣೆ ಮುಚ್ಚುತ್ತದೆ, ಇನ್ನು ಎಲ್ಲ ಚಾನೆಲ್‌ಗಳನ್ನೂ ಬೇರೊಂದು ರಾಜ್ಯದಿಂದ ಸಾಫ್ಟ್‌ವೇರೇ ನಡೆಸುತ್ತದೆ ಎಂದ. ನಮ್ಮ ಕೆಲಸ ಏನಾಗುತ್ತದೆ ಎಂದು ಕೇಳಿದೆ. ಅದೂ ಟ್ರಾನ್ಸಿಷನ್ ಆಗುತ್ತದೆ, ಅಂದರೆ ಬೇರೆಡೆಗೆ ಸಾಗುತ್ತದೆ, ಎಂದ. ಎಲ್ಲಿಗೆ ಎಂದು ಹೇಳಲಿಲ್ಲ. ಬಾಯಲ್ಲಿದ್ದ ಡೋನಟ್ಟನ್ನು ಹೇಗೋ ನುಂಗಿ ಪರದೆಯ ಕಡೆ ತಿರುಗಿದೆ.

ಹೆಂಡತಿ ವೀಣಾ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು. ಅಳುವವರ ಜೊತೆ ಕೂತು ಅಳುವ ಜಾತಿಯವಳಲ್ಲ. ಆ ಸಂಜೆಯೇ ನನ್ನ ರೆಸ್ಯೂಮೆ ತೆರೆದು ಕೂತಳು.

"ರೀ, ಈ ಟ್ರಾನ್ಸ್‌ಮಿಟರ್ ಅನ್ನೋದನ್ನ ಮೊದಲು ತೆಗೀರಿ. ವಯಸ್ಸು ಗೊತ್ತಾಗತ್ತೆ."

"ಅದನ್ನ ತೆಗೆದ್ರೆ ಉಳಿಯೋದೇನು?"

"ನಿಮ್ಮ ಹೆಸರು, ಅಡ್ರೆಸ್ಸು."

ಅವಳ ಕೈಯಲ್ಲಿ ನನ್ನ ಟವರುಗಳೆಲ್ಲ ಪ್ಲಾಟ್‌ಫಾರ್ಮುಗಳಾದವು, ಕೇಬಲ್ಲುಗಳು ಸೊಲ್ಯೂಷನ್ನುಗಳಾದವು. ಓದಿ ನೋಡಿದಾಗ ಈ ಮನುಷ್ಯನನ್ನು ಒಮ್ಮೆ ಭೇಟಿಯಾಗಬೇಕು ಅನ್ನಿಸಿತು. ಹೈಸ್ಕೂಲಿನಲ್ಲಿರುವ ಮಗಳು ಅನಘಾ ಅಣಕು ಇಂಟರ್ವ್ಯೂ ಮಾಡಿದಳು. ನನ್ನ ಮಾತೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ವಾಟ್ ಈಸ್ ಯುವರ್ ಪ್ಯಾಷನ್, ಅಪ್ಪಾ?"

"ಏನೂ ಆಗದೇ ಇರೋದು."

"ಯೂ ಕಾಂಟ್ ಸೇ ದಟ್!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ, "ಆರ್ ಯೂ ಸ್ಕೇರ್ಡ್?" ಎಂದು ಕೇಳಿದಳು. ಇಲ್ಲ ಎನ್ನಲು ಹೋಗಿ, "ಉಪ್ಪಿನಕಾಯಿ ಬೇಕಾ?" ಎಂದುಬಿಟ್ಟೆ.

ಕೊನೆಗೆ ಪಕ್ಕದ ಊರು ಸನ್ನಿವೇಲ್‌ನ ಒಂದು ವಿಡಿಯೊ ಸ್ಟ್ರೀಮಿಂಗ್ ಕಂಪನಿಯಿಂದ ಕರೆ ಬಂತು. ಫ್ರೀವೇಯಲ್ಲಿ ಟ್ರಾಫಿಕ್ ಸಿಕ್ಕೀತೆಂಬ ಹೆದರಿಕೆಯಲ್ಲಿ ತುಂಬಾ ಬೇಗ ಹೊರಟುಬಿಟ್ಟೆ. ಆ ದಿನ ಟ್ರಾಫಿಕ್ಕೇ ಇರಲಿಲ್ಲ. ಅವರ ಪಾರ್ಕಿಂಗ್ ಲಾಟಿನಲ್ಲಿ ಕಾರು ಸುತ್ತಿಸುತ್ತ ಇದ್ದೆ. ಸೆಕ್ಯೂರಿಟಿಯವನು ಎರಡು ಸಲ ಕೈ ಬೀಸಿದ, ಮೂರನೆಯ ಸಲ ಬೀಸಲಿಲ್ಲ, ಸುಮ್ಮನೆ ನೋಡಿದ.

ಇಂಟರ್ವ್ಯೂ ಮಾಡಿದವಳು ಮೇಘನಾ ಎಂಬ ಹುಡುಗಿ. ನನ್ನ ಹೆಸರು ನೋಡಿದವಳೇ, "ಸರ್, ಮೈಸೂರ ಕಡೆಯವರೇನ್ರಿ? ನಾನು ಹುಬ್ಬಳ್ಳಿಯಾಕಿ," ಎಂದಳು. ಈ ದೇಶಕ್ಕೆ ಬಂದು ಬಹಳ ದಿನ ಆಗಿರಲಿಲ್ಲವಂತೆ. ನನಗೆ ಅರ್ಧ ಕೆಲಸ ಸಿಕ್ಕಷ್ಟು ಧೈರ್ಯ ಬಂತು. ನಡುವೆ ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು, ನಾನೂ ಏನೇನೋ ಹೇಳಿದೆ. ಕೊನೆಗೆ ಕೇಳಿದಳು, "ವಿಡಿಯೊ ಒಮ್ಮೆಲೇ ನಿಂತ್ರ ನೀವು ಮೊದಲ ಏನ್ ಮಾಡ್ತೀರಿ?"

ನನ್ನ ಜೀವನದಲ್ಲಿ ಓದಿ ಸಿದ್ಧವಾಗಬೇಕಿಲ್ಲದ ಪ್ರಶ್ನೆ ಇದೊಂದೇ. "ಕುರ್ಚಿ ಬಿಟ್ಟು ಎದ್ದು ಓಡ್ತೀನಿ!" ಎಂದೆ.

ಅವಳು ನಕ್ಕಳು. "ಇಲ್ಲಿ ಓಡೂದು ಬ್ಯಾಡ್ರಿ. ಅದು ತಾನಾ ರಿಪೇರಿ ಮಾಡ್ಕೋತೇತಿ. ನಿಂತಿತ್ತು ಅನ್ನೂದೂ ನಮಗ ಗೊತ್ತಾಗೂದಿಲ್ಲ."

"ಹಾಗಾದ್ರೆ ಮನುಷ್ಯನಿಗೆ ಏನು ಕೆಲಸಮ್ಮ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದನ್ನ ನಾವೂ ಹುಡುಕಾಕತ್ತೇವ್ರಿ ಸರ್."

ಆಮೇಲಿನ ದಿನಗಳು ಹೇಗೆ ಕಳೆದವೋ. ಕೆಲಸದಲ್ಲಿ ಪರದೆ ನೋಡುವ ಬದಲು ಫೋನು ನೋಡುತ್ತಿದ್ದೆ. ಮನೆಯಲ್ಲಿ ಮೇಲ್ ಬಂತಾ ಎಂದು ನೋಡುವುದು, ಬಾರದೆ ಇದ್ದುದಕ್ಕೆ ವೈಫೈ ಮೇಲೆ ಅನುಮಾನಪಡುವುದು, ಅದನ್ನು ಆಫ್ ಮಾಡಿ ಆನ್ ಮಾಡುವುದು. ನಾಲ್ಕನೇ ಸಲ ಹಾಗೆ ಮಾಡಿದಾಗ ಮೀಟಿಂಗಿನಲ್ಲಿದ್ದ ವೀಣಾ ಮಹಡಿಯಿಂದಲೇ ಕೂಗಿದಳು, "ನನ್ನ ಕೆಲಸನಾದ್ರೂ ಉಳಿಸ್ರೀ!"

ಒಂದು ಶನಿವಾರ ಬೆಳಗ್ಗೆ ಇಬ್ಬರೂ ಗ್ರೋಸರಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಫೋನು ಬಂತು. "ಸರ್, ನಾನು ಮೇಘನಾ ರೀ." ನಾನು ವೀಣಾಳಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಕೈಯಲ್ಲಿದ್ದ ಬೆಂಡೆಕಾಯಿ ಕೆಳಗಿಟ್ಟಳು.

"ನಿಮ್ಮ ಇಂಟರ್ವ್ಯೂ ಭಾಳ ಚಲೋ ಆಗಿತ್ರಿ. ನಾನು ಹೂಂ ಅಂತ ಬರದು ಕೊಟ್ಟಿದ್ದೆ."

"ಅಯ್ಯೋ, ತುಂಬಾ ಥ್ಯಾಂಕ್ಸಮ್ಮ..."

"ಆದ್ರ ನಿನ್ನೆ ನಮ್ಮ ಟೀಮ್ ಪೂರ್ತಿ ತಗದುಬಿಟ್ರು ರೀ. ನನ್ನೂ ಸೇರ್ಸಿ. ಕೆಲಸ ಇಲ್ಲಂದ್ರ ಈ ದೇಶದಾಗ ಇರಾಕ ಬಿಡೂದಿಲ್ಲ, ವೀಸಾದ್ದ ಚಿಂತಿ ಹತ್ತೇತಿ. ಕೇಳಾಕ ಸಂಕೋಚ ಆಗ್ತೇತಿ. ನಿಮ್ಮ ಸ್ಟೇಷನ್ನಾಗ ಏನರ ಓಪನಿಂಗ್ ಐತೇನ್ರಿ?"

ನಿಜ ಹೇಳಬೇಕಿತ್ತು. ಆದರೆ ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೆಲಸ ಕೇಳಿದವರಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು, ದನಿ ತಾನಾಗಿಯೇ ಗಂಭೀರವಾಯಿತು. "ನೋಡೋಣಮ್ಮ. ರೆಸ್ಯೂಮೆ ಕಳಿಸಿ, ಮಾತಾಡ್ತೀನಿ," ಎಂದು ಫೋನಿಟ್ಟೆ.

ವೀಣಾ ನಡೆದದ್ದನ್ನೆಲ್ಲ ಕೇಳಿ ನನ್ನನ್ನೇ ದಿಟ್ಟಿಸಿದಳು. "ಮುಚ್ಚೋ ಕಂಟ್ರೋಲ್ ರೂಮಲ್ಲಿ ಯಾರ ಹತ್ರ ಮಾತಾಡ್ತೀರಿ? ಪಾಪ, ಆ ಹುಡುಗಿ ಕಾಯ್ತಾ ಕೂರತ್ತೆ. ಈಗ್ಲೇ ಫೋನ್ ಮಾಡಿ ನಿಜ ಹೇಳಿ. ರೆಸ್ಯೂಮೆ ನನಗೆ ಕಳಿಸಕ್ಕೆ ಹೇಳಿ, ನಮ್ಮಲ್ಲಿ ವಿಚಾರಿಸ್ತೀನಿ."

"ಹೇಳ್ತೀನಿ, ಖಂಡಿತ ಹೇಳ್ತೀನಿ. ಮನೆಗೆ ಹೋಗೋ ತನಕ ಇರ್ಲಿ ಬಿಡೇ," ಎಂದೆ. "ಅಷ್ಟು ಹೊತ್ತಾದ್ರೂ ಕೆಲಸ ಕೊಡೋನಾಗಿರ್ತೀನಿ."

ವೀಣಾ ತುಟಿ ಬಿಗಿಹಿಡಿದು ನಗು ತಡೆದಳು. "ಆಯ್ತು ಸಾಹೇಬ್ರೇ," ಎಂದು ಅಕ್ಕಿ ಮೂಟೆ ತೋರಿಸಿದಳು. "ಮೊದಲು ಅದನ್ನ ಎತ್ತಿ ಗಾಡೀಲಿಡಿ."